ಥೀಮ್ ಪಾರ್ಕಿನಲ್ಲಿ ದೊಡ್ಡ ಮಗುವಿಗೆ ಸ್ಟ್ರೋಲರ್: ವೆಚ್ಚ, ನಿಯಮ ಮತ್ತು ವ್ಯಾಪಾರದ ಪಾಠ

ಆರು ವರ್ಷದ ಮಗು ನಡೆಯಬಲ್ಲದು, ಓಡಬಲ್ಲದು, ಪುಸ್ತಕದ ಚೀಲವನ್ನು ಬೆನ್ನಿಗೇರಿಸಿಕೊಂಡು ಶಾಲೆಗೆ ಹೋಗಿ ಬರಬಲ್ಲದು. ಅಂತಹ ಮಗುವನ್ನು ಸ್ಟ್ರೋಲರ್‌ನಲ್ಲಿ, ಅಂದರೆ ಎಳೆಯ ಮಕ್ಕಳನ್ನು ಕೂರಿಸಿ ತಳ್ಳಿಕೊಂಡು ಹೋಗುವ ಗಾಡಿಯಲ್ಲಿ, ಕೂರಿಸುವುದು ಮೇಲ್ನೋಟಕ್ಕೆ ಅನಾವಶ್ಯಕವೆಂದೂ ಮುದ್ದಿನ ಅತಿರೇಕವೆಂದೂ ತೋರುವುದು ಸಹಜ. ಆದರೆ ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ನಗರದ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಐದು, ಆರು, ಏಳು ವರ್ಷದ ಮಕ್ಕಳು ಇಂತಹ ಗಾಡಿಗಳಲ್ಲಿ ಕುಳಿತು ಸಾಗುವುದು ಸಾಮಾನ್ಯ ದೃಶ್ಯ. ತಮ್ಮ ಊರಿನಲ್ಲಿ ಗಾಡಿಯನ್ನು ಎಂದೋ ಅಟ್ಟಕ್ಕೆ ಸೇರಿಸಿದ ತಂದೆತಾಯಿಗಳೇ ಅಲ್ಲಿ ದಿನಬಾಡಿಗೆ ಕೊಟ್ಟು ಮತ್ತೆ ಗಾಡಿ ಹಿಡಿಯುತ್ತಾರೆ.

ಕರ್ನಾಟಕದ ಅನೇಕ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದು, ಅವರನ್ನು ನೋಡಲು ಹೋಗುವ ಹಿರಿಯರು ಮೊಮ್ಮಕ್ಕಳೊಡನೆ ಈ ಪಾರ್ಕುಗಳಿಗೆ ಭೇಟಿ ನೀಡುವುದು ಇಂದು ಅಪರೂಪವಲ್ಲ. ಅಂತಹವರಿಗೆ ಈ ವಿಷಯ ನೇರವಾಗಿ ಉಪಯುಕ್ತ. ಇದರ ಜೊತೆಗೆ, ಒಂದು ವಸ್ತುವಿನ ನಿಜವಾದ ಬಳಕೆದಾರ ಯಾರು ಎಂಬ ಪ್ರಶ್ನೆಗೆ ಈ ಗಾಡಿ ಕೊಡುವ ಉತ್ತರವು ವರ್ತಕರೂ ಸಣ್ಣ ಉತ್ಪಾದಕರೂ ಗಮನಿಸತಕ್ಕದ್ದಾಗಿದೆ.

ದೂರದ ಲೆಕ್ಕ

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಆರಂಭವಾಯಿತು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನೊಂದಿಗೆ ಪ್ರಾರಂಭಗೊಂಡು, 1982ರಲ್ಲಿ ಎಪ್ಕಾಟ್, 1989ರಲ್ಲಿ ಇಂದು ಹಾಲಿವುಡ್ ಸ್ಟುಡಿಯೋಸ್ ಎನಿಸಿಕೊಂಡಿರುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿ ನಾಲ್ಕು ಪಾರ್ಕುಗಳ ಸಮೂಹವಾಗಿ ಬೆಳೆಯಿತು.

ಬೆಂಗಳೂರಿನ ಲಾಲ್‌ಬಾಗ್ ಉದ್ಯಾನದ ವಿಸ್ತೀರ್ಣ 240 ಎಕರೆ. ಎಪ್ಕಾಟ್ ಒಂದೇ ಸುಮಾರು 300 ಎಕರೆ. ಅದರೊಳಗಿನ ಕೊಳದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿದ್ದು, ಆ ಒಂದು ಸುತ್ತು ಮಾತ್ರವೇ ಸುಮಾರು 1.9 ಕಿ.ಮೀ. ಆಗುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಬಂದವರು ನಿಲುಗಡೆಯ ಸ್ಥಳದಿಂದ ಟಿಕೆಟ್ ಕೇಂದ್ರಕ್ಕೆ, ಅಲ್ಲಿಂದ ಮಾನೊರೈಲು ಅಥವಾ ದೋಣಿಯ ಮೂಲಕ ಮುಖ್ಯದ್ವಾರಕ್ಕೆ ಬರಬೇಕು. ಬೆಳಿಗ್ಗೆ ಒಳಹೊಕ್ಕು ರಾತ್ರಿಯ ಬಾಣಬಿರುಸಿನ ಪ್ರದರ್ಶನದವರೆಗೆ ಇರುವ ಕುಟುಂಬ ಒಂದು ದಿನದಲ್ಲಿ ಹತ್ತು ಕಿ.ಮೀ. ನಡೆಯುವುದು ಸಾಧಾರಣ ಸಂಗತಿ. ಇದಕ್ಕೆ ಬೇಸಿಗೆಯ ಬಿಸಿಲು, ಆರ್ದ್ರತೆ, ಮಧ್ಯಾಹ್ನದ ಗುಡುಗು ಮಳೆ ಹಾಗೂ ಆಟಗಳ ಮುಂದಿನ ಸರತಿ ಸಾಲಿನಲ್ಲಿ ನಿಲ್ಲುವ ಆಯಾಸ ಸೇರುತ್ತವೆ.

ಶಾಲೆಗೆ ನಡೆದುಹೋಗುವ ಮಗು ಇದನ್ನೂ ನಡೆದೀತು ಎಂಬ ಊಹೆ ತಪ್ಪುವುದು ಇಲ್ಲಿಯೇ. ಆರು ವರ್ಷದ ಮಗುವಿಗೆ ಒಂದು ಕಿ.ಮೀ. ಕಷ್ಟವಲ್ಲ, ಹತ್ತನೆಯ ಕಿ.ಮೀ. ಕಷ್ಟ. ದೊಡ್ಡವರ ಒಂದು ಹೆಜ್ಜೆಗೆ ಅದು ಹೆಚ್ಚುಕಡಿಮೆ ಒಂದೂವರೆ ಹೆಜ್ಜೆ ಹಾಕಬೇಕಾಗುತ್ತದೆ. ಜನಸಂದಣಿಯಲ್ಲಿ ಅದರ ಕಣ್ಣಿಗೆ ಕಾಣುವುದು ಮುಂದಿನವರ ಸೊಂಟ ಮತ್ತು ಚೀಲಗಳಷ್ಟೇ.

ನಮ್ಮ ಜಾತ್ರೆ, ದಸರಾ ಮೆರವಣಿಗೆಗಳಲ್ಲಿ ಇದೇ ಸಮಸ್ಯೆಗೆ ತಂದೆಯ ಹೆಗಲು ಪರಿಹಾರವಾಗಿದೆ. ಆದರೆ ಹೆಗಲಿಗೂ ಒಂದು ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಗಂಡುಮಗುವಿನ ಮಧ್ಯಮ ತೂಕ ನಾಲ್ಕು ವರ್ಷಕ್ಕೆ 16.3 ಕಿಲೋ, ಐದಕ್ಕೆ 18.3, ಆರಕ್ಕೆ 20.5, ಏಳಕ್ಕೆ 22.9 ಹಾಗೂ ಎಂಟಕ್ಕೆ 25.4 ಕಿಲೋ. ಎಂಟು ವರ್ಷದ ಮಗುವನ್ನು ಎತ್ತಿಕೊಳ್ಳುವುದೆಂದರೆ 25 ಕಿಲೋ ಅಕ್ಕಿಯ ಚೀಲವನ್ನು ಹೊತ್ತು ನಡೆದಂತೆ. ಅಂಗಡಿಯಿಂದ ವಾಹನದವರೆಗೆ ಇದು ಸಾಧ್ಯ. ಪಾರ್ಕಿನ ಒಂದು ತುದಿಯಿಂದ ಮತ್ತೊಂದು ತುದಿಗೆ ಸಾಧ್ಯವಿಲ್ಲ.

ನಿಯಮಗಳು ಏನು ಹೇಳುತ್ತವೆ?

ಗಮನಾರ್ಹ ಅಂಶವೆಂದರೆ, ಡಿಸ್ನಿ ಪಾರ್ಕುಗಳು ಗಾಡಿಯ ಬಳಕೆಗೆ ತೂಕ ಮತ್ತು ಅಳತೆಯನ್ನು ಆಧಾರವಾಗಿ ಇಟ್ಟುಕೊಂಡಿವೆ, ವಯಸ್ಸನ್ನಲ್ಲ. ಮುಖ್ಯ ಅಂಶಗಳು ಇಂತಿವೆ:

1. ವಾಲ್ಟ್ ಡಿಸ್ನಿ ವರ್ಲ್ಡ್ ಬಾಡಿಗೆಗೆ ಕೊಡುವ ಒಂಟಿ ಆಸನದ ಗಾಡಿಯನ್ನು 50 ಪೌಂಡ್, ಅಂದರೆ ಸುಮಾರು 22.7 ಕಿಲೋವರೆಗಿನ ಮಗುವಿಗೆ ಶಿಫಾರಸು ಮಾಡಲಾಗಿದೆ. ಜೋಡಿ ಆಸನದ ಗಾಡಿಗೆ ಈ ಮಿತಿ ಒಟ್ಟು 100 ಪೌಂಡ್. ಮೇಲಿನ ತೂಕದ ಪಟ್ಟಿಯೊಡನೆ ಹೋಲಿಸಿದರೆ, ಒಂಟಿ ಗಾಡಿಯ ಮಿತಿ ಸರಾಸರಿ ಏಳು ವರ್ಷದ ಮಗುವಿನ ತೂಕಕ್ಕೆ ಸಮೀಪವಿರುವುದು ತಿಳಿಯುತ್ತದೆ.

2. 2019ರ ಮೇ 1ರಿಂದ 31 ಅಂಗುಲಕ್ಕಿಂತ (79 ಸೆಂ.ಮೀ.) ಅಗಲವಾದ ಅಥವಾ 52 ಅಂಗುಲಕ್ಕಿಂತ (132 ಸೆಂ.ಮೀ.) ಉದ್ದವಾದ ಗಾಡಿಗಳಿಗೆ ಪಾರ್ಕುಗಳಲ್ಲಿ ಪ್ರವೇಶವಿಲ್ಲ. ಪೆಟ್ಟಿಗೆಯಂತಹ ವ್ಯಾಗನ್ ಗಾಡಿಗಳನ್ನು ಅಂದಿನಿಂದಲೇ ನಿಷೇಧಿಸಲಾಗಿದೆ. ದೊಡ್ಡ ಮಗುವಿಗೆ ಅನುಕೂಲವೆಂದು ಭಾರಿ ಗಾಡಿ ಕೊಂಡೊಯ್ಯುವವರು ಇದನ್ನು ಮೊದಲೇ ಅಳೆದು ನೋಡುವುದು ಲೇಸು.

3. ಸಾಮಾನ್ಯವಾಗಿ ಗಾಡಿಯನ್ನು ಸರತಿ ಸಾಲಿನೊಳಗೆ ಒಯ್ಯುವಂತಿಲ್ಲ. ಗೊತ್ತುಪಡಿಸಿದ ಸ್ಥಳದಲ್ಲಿ ನಿಲ್ಲಿಸಿ ಹೋಗಬೇಕು. ಸಿಬ್ಬಂದಿಯು ಗಾಡಿಗಳನ್ನು ಸಾಲಾಗಿ ಜೋಡಿಸುವಾಗ ಸ್ಥಳ ಬದಲಿಸುವುದುಂಟು. ಆದ್ದರಿಂದ ಗಾಡಿಗೆ ಸುಲಭವಾಗಿ ಗುರುತಿಸಬಹುದಾದ ಬಟ್ಟೆಯನ್ನೋ ಹೆಸರಿನ ಚೀಟಿಯನ್ನೋ ಕಟ್ಟಬೇಕು. ಬೆಲೆಬಾಳುವ ವಸ್ತುಗಳನ್ನು ಅದರಲ್ಲಿ ಬಿಡಬಾರದು.

4. ಅಂಗವೈಕಲ್ಯ ಅಥವಾ ವಿಶೇಷ ಅಗತ್ಯವುಳ್ಳ ಮಗುವಿಗೆ ಗಾಡಿಯೇ ಗಾಲಿಕುರ್ಚಿಯಾಗಿ ಬೇಕಾದಲ್ಲಿ, ಅತಿಥಿ ಸೇವಾ ಕೇಂದ್ರದಲ್ಲಿ ವಿಚಾರಿಸಿ ಅದಕ್ಕೆ ವಿಶೇಷ ಗುರುತುಪಟ್ಟಿ ಪಡೆಯುವ ವ್ಯವಸ್ಥೆಯಿದೆ. ಅಂತಹ ಗಾಡಿಯನ್ನು ಗಾಲಿಕುರ್ಚಿಗೆ ಅವಕಾಶವಿರುವ ಸಾಲುಗಳಿಗೆ ಒಯ್ಯಬಹುದು.

5. ಪಾರ್ಕಿನಿಂದ ಬಾಡಿಗೆಗೆ ಪಡೆದ ಗಾಡಿ ಪಾರ್ಕಿನ ಹೊರಗೆ ಹೋಗುವಂತಿಲ್ಲ. ಅದೇ ದಿನ ಮತ್ತೊಂದು ಪಾರ್ಕಿಗೆ ಹೋದರೆ, ರಸೀದಿ ತೋರಿಸಿ ಅಲ್ಲಿ ಬೇರೆ ಗಾಡಿ ಪಡೆಯಬಹುದು. ಸ್ವಂತ ಗಾಡಿಯನ್ನು ಬಸ್ಸಿಗೆ ಒಯ್ಯುವವರು ಅದನ್ನು ಮಡಿಚಬೇಕೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಐದನೆಯ ನಿಯಮದ ಪರಿಣಾಮ ಅನೇಕರಿಗೆ ಅರಿವಾಗುವುದು ರಾತ್ರಿ ಹೊರಡುವಾಗ. ಮಗು ಅತ್ಯಂತ ದಣಿದಿರುವ, ಬಹುಶಃ ನಿದ್ದೆ ಹೋಗಿರುವ ಸಮಯದಲ್ಲಿ ಬಾಡಿಗೆ ಗಾಡಿಯನ್ನು ದ್ವಾರದಲ್ಲೇ ಒಪ್ಪಿಸಿ, ಅಲ್ಲಿಂದ ಕಾರಿನವರೆಗೆ ಅದನ್ನು ಎತ್ತಿಕೊಂಡೇ ಸಾಗಬೇಕಾಗುತ್ತದೆ.

ಬಾಡಿಗೆಯೋ, ಖರೀದಿಯೋ?

ಗಾಡಿ ಪಡೆಯಲು ಮೂರು ಮಾರ್ಗಗಳಿವೆ.

ಮೊದಲನೆಯದು ಪಾರ್ಕಿನ ಬಾಡಿಗೆ. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 2019ರ ದರ ಒಂಟಿ ಗಾಡಿಗೆ ದಿನಕ್ಕೆ 15 ಡಾಲರ್, ಜೋಡಿ ಗಾಡಿಗೆ 31 ಡಾಲರ್ ಇತ್ತು. ಹಲವು ದಿನಗಳಿಗೆ ಒಟ್ಟಿಗೆ ಪಡೆದರೆ ಕ್ರಮವಾಗಿ 13 ಮತ್ತು 27 ಡಾಲರ್. ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ಹೊರಡುವ ಮುನ್ನ ಚಾಲ್ತಿ ದರವನ್ನು ಖಚಿತಪಡಿಸಿಕೊಳ್ಳಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಆಗಿನ ಗಾಡಿಗಳು ಎಳೆಗೂಸಿಗೆ ಹಿತವಾಗಿರಲಿಲ್ಲ. ಆದರೆ ದೊಡ್ಡ ಮಗುವಿಗೆ ಸಾಕಷ್ಟು ಅನುಕೂಲಕರವಾಗಿದ್ದವು.

ಎರಡನೆಯದು ಒರ್ಲ್ಯಾಂಡೊ ಸುತ್ತಮುತ್ತಲಿನ ಖಾಸಗಿ ಬಾಡಿಗೆದಾರರು. ಇವರು ತಂಗುವ ಹೋಟೆಲಿಗೇ ಗಾಡಿ ತಲುಪಿಸಿ, ಕೊನೆಯಲ್ಲಿ ಮರಳಿ ಪಡೆಯುತ್ತಾರೆ. ಈ ಗಾಡಿ ಕಾರಿನ ತನಕವೂ ಕೋಣೆಯ ತನಕವೂ ಬರುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಪಾರ್ಕಿನ ನಿಯಮ ಬಿಟ್ಟ ಕೊರತೆಯನ್ನೇ ಬಂಡವಾಳ ಮಾಡಿಕೊಂಡು ಸಣ್ಣ ಉದ್ದಿಮೆಗಳು ಬೆಳೆದಿರುವುದಕ್ಕೆ ಇದೊಂದು ಉತ್ತಮ ನಿದರ್ಶನ.

ಮೂರನೆಯದು ಖರೀದಿ. ಸರಳವಾದ ಮಡಿಚುವ ಗಾಡಿಯೊಂದು 40 ಡಾಲರಿಗೆ ದೊರೆಯುವುದೆಂದು ಇಟ್ಟುಕೊಂಡರೆ, ದಿನಕ್ಕೆ 13 ಡಾಲರ್ ದರದಲ್ಲಿ ಮೂರು ದಿನದ ಬಾಡಿಗೆ 39 ಡಾಲರ್. ನಾಲ್ಕನೆಯ ದಿನದಿಂದ ಖರೀದಿಯೇ ಅಗ್ಗ. ಆದರೆ ಅಗ್ಗದ ಗಾಡಿಗಳಲ್ಲಿ ಅನೇಕವು 15 ಕಿಲೋ ಮಿತಿಯವು. ನಾಲ್ಕು ವರ್ಷದ ಮಗುವೇ ಸರಾಸರಿಯಲ್ಲಿ ಈ ಮಿತಿಯನ್ನು ದಾಟಿರುತ್ತದೆ. ಆದ್ದರಿಂದ ಬೆಲೆಚೀಟಿಗಿಂತ ಮೊದಲು ತೂಕದ ಮಿತಿಯನ್ನು ಓದಬೇಕು.

ಹದಿನೆಂಟು ನಿಮಿಷದ ಲೆಕ್ಕ

ಈ ವೆಚ್ಚ ಸಮರ್ಥನೀಯವೇ ಎಂಬುದನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು. ತಂದೆ, ತಾಯಿ, ಹತ್ತು ವರ್ಷದ ಮಗಳು ಮತ್ತು ಆರು ವರ್ಷದ ಮಗ ಇರುವ ಕುಟುಂಬವನ್ನು ತೆಗೆದುಕೊಳ್ಳಲಾಗಿದೆ. ಡಿಸ್ನಿ ವರ್ಲ್ಡ್‌ನಲ್ಲಿ ಮೂರು ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶ ಉಚಿತ. ಮೂರರಿಂದ ಒಂಬತ್ತು ವರ್ಷದವರಿಗೆ ಮಕ್ಕಳ ದರ. ಹತ್ತು ತುಂಬಿದವರಿಗೆ ದೊಡ್ಡವರ ದರ. ಲೆಕ್ಕಕ್ಕಾಗಿ ದೊಡ್ಡವರ ಟಿಕೆಟ್ 120 ಡಾಲರ್, ಮಕ್ಕಳ ಟಿಕೆಟ್ 115 ಡಾಲರ್ ಎಂದು ಭಾವಿಸಿದರೆ:

ದೊಡ್ಡವರ ದರದ ಮೂರು ಟಿಕೆಟ್: 360 ಡಾಲರ್
ಮಕ್ಕಳ ದರದ ಒಂದು ಟಿಕೆಟ್: 115 ಡಾಲರ್
ಊಟ, ವಾಹನ ನಿಲುಗಡೆ ಇತ್ಯಾದಿ: 125 ಡಾಲರ್
ಒಟ್ಟು: 600 ಡಾಲರ್

ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ 12 ಗಂಟೆ ಪಾರ್ಕಿನಲ್ಲಿದ್ದರೆ ಗಂಟೆಗೆ 50 ಡಾಲರ್ ಬೀಳುತ್ತದೆ. ಚಿಕ್ಕ ಮಗ ದಣಿದು ಇಡೀ ಕುಟುಂಬ ಮಧ್ಯಾಹ್ನ 3ಕ್ಕೇ ಹೊರಟರೆ, ಅದೇ 600 ಡಾಲರಿಗೆ ದೊರೆತದ್ದು ಆರೇ ಗಂಟೆ. ಗಂಟೆಯ ವೆಚ್ಚ 100 ಡಾಲರಿಗೆ ಏರುತ್ತದೆ. ಗಾಡಿಯ ಬಾಡಿಗೆ 15 ಡಾಲರ್ ದಿನದ ಒಟ್ಟು ವೆಚ್ಚದ ಶೇಕಡಾ 2.5 ಮಾತ್ರ. ಗಂಟೆಗೆ 50 ಡಾಲರಿನಂತೆ, ಗಾಡಿಯಿಂದಾಗಿ ಕುಟುಂಬ ಇನ್ನೂ 18 ನಿಮಿಷ ಸಂತೋಷದಿಂದ ಉಳಿಯಲು ಸಾಧ್ಯವಾದರೆ ಬಾಡಿಗೆಯ ಹಣ ಹುಟ್ಟಿತೆಂದೇ ಅರ್ಥ. ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಮಗು ಒಂದು ಗಂಟೆ ನಿದ್ದೆ ಮಾಡಿತೆಂದರೆ ಸಂಜೆಯ ಮೂರು ಗಂಟೆಗಳು ಉಳಿದಂತೆ.

ಈ ದೃಷ್ಟಿಯಿಂದ ಬಾಡಿಗೆಯು ವಿಮೆಯ ಕಂತನ್ನು ಹೋಲುತ್ತದೆ. ಮಗು ದಿನವಿಡೀ ನಡೆದು, ಗಾಡಿ ಖಾಲಿಯಾಗಿಯೇ ಉರುಳಿದರೂ ಹಣ ವ್ಯರ್ಥವಾಯಿತೆನ್ನಲಾಗದು. ಬೆಂಕಿ ಬೀಳದಿದ್ದರೆ ಗೋದಾಮಿನ ವಿಮೆಯ ಕಂತು ದಂಡವಾಯಿತೆಂದು ಯಾವ ವರ್ತಕನೂ ಹೇಳುವುದಿಲ್ಲ.

ಮುಳುಗಿದ ವೆಚ್ಚದ ಎಚ್ಚರಿಕೆ

ಆದರೆ ಇದೇ ಲೆಕ್ಕವನ್ನು ತಪ್ಪಾಗಿ ಬಳಸುವ ಅಪಾಯವೂ ಇದೆ. ಬೆಳಿಗ್ಗೆ ಗಾಡಿ ಪಡೆಯಬೇಕೇ ಎಂಬ ನಿರ್ಧಾರ ಮುಂದಿನ ದಿನವಿಡೀ ದೊರೆಯುವ ಪ್ರಯೋಜನಕ್ಕೆ ಸಂಬಂಧಿಸಿದ್ದು. ಅಲ್ಲಿ ಮೇಲಿನ ಲೆಕ್ಕ ಸರಿ. ಸಂಜೆ ಏಳರ ಹೊತ್ತಿಗೆ ಮಗು ಜ್ವರ ಬಂದಂತೆ ಮುದುಡಿದ್ದರೆ ಪ್ರಶ್ನೆ ಬೇರೆ. ಆಗ ಟಿಕೆಟ್ಟಿಗೆ ತೆತ್ತ ಹಣ ಮುಳುಗಿದ ವೆಚ್ಚ. ಉಳಿದರೂ ಅದು ಮರಳುವುದಿಲ್ಲ, ಹೊರಟರೂ ಮರಳುವುದಿಲ್ಲ. 600 ಡಾಲರ್ ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಅಳುವ ಮಗುವನ್ನು ಗಾಡಿಗೆ ಬಿಗಿದು ಬಾಣಬಿರುಸಿನವರೆಗೆ ತಳ್ಳಿಕೊಂಡು ತಿರುಗುವುದು, ಮಾರಾಟವಾಗದ ಸರಕನ್ನು ಕೊಂಡ ಬೆಲೆ ನೆನೆದು ಗೋದಾಮಿನಲ್ಲಿ ಕೊಳೆಯಿಸುವುದಕ್ಕೆ ಸಮ.

ಗಾಡಿಯ ಕೆಲಸ ಮಗುವಿನ ಶಕ್ತಿಯನ್ನು ಉಳಿಸುವುದು. ಮುಗಿದ ಶಕ್ತಿಯನ್ನು ಮರೆಮಾಚುವುದಕ್ಕೆ ಅದನ್ನು ಬಳಸಬಾರದು. ಈ ವ್ಯತ್ಯಾಸವನ್ನು ಅರಿತ ಪೋಷಕರು ಮಧ್ಯಾಹ್ನದ ಬಿಸಿಲಿನಲ್ಲಿ ಕೋಣೆಗೆ ಮರಳಿ, ಸಂಜೆ ಮತ್ತೆ ಬರುತ್ತಾರೆ.

ನೋಡುವವರ ಮಾತು

ದೊಡ್ಡ ಮಗುವಿಗೆ ಗಾಡಿ ಪಡೆಯಲು ಹಿಂಜರಿಕೆ ಉಂಟಾಗುವುದು ಬಹುಮಟ್ಟಿಗೆ ವೆಚ್ಚದಿಂದಲ್ಲ, ನಾಚಿಕೆಯಿಂದ. "ಇಷ್ಟು ದೊಡ್ಡವನನ್ನು ತಳ್ಳಿಕೊಂಡು ಹೋಗುತ್ತಿದ್ದಾರಲ್ಲ" ಎಂದು ನೋಡುವವರು ಅಂದಾರೆಂಬ ಅಳುಕು ಅಮೆರಿಕದ ಪೋಷಕರಿಗೂ ಇದೆ. ಜೊತೆಯಲ್ಲಿ ಹೋದ ನಮ್ಮ ಅಜ್ಜ ಅಜ್ಜಿಯರಿಗೆ ಇನ್ನೂ ಹೆಚ್ಚು. ಇಲ್ಲಿ ಮೂರು ವಿಚಾರಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ದಿನನಿತ್ಯದ ಅಭ್ಯಾಸವೂ ಒಂದು ದಿನದ ವ್ಯವಸ್ಥೆಯೂ ಒಂದೇ ಅಲ್ಲ. ಮನೆಯಿಂದ ಅಂಗಡಿಗೆ ಆರು ವರ್ಷದ ಮಗುವನ್ನು ಗಾಡಿಯಲ್ಲಿ ಒಯ್ಯುವುದು ಅದರ ಕಾಲಿನ ಬಲಕ್ಕೆ ಹಿತವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ವರ್ಷದಲ್ಲಿ ನಾಲ್ಕು ದಿನ, ದಿನಕ್ಕೆ ಹತ್ತು ಕಿ.ಮೀ. ನಡೆಯುವ ಸ್ಥಳದಲ್ಲಿ ಆಗಾಗ ಕೂರಿಸುವುದಕ್ಕೆ ಆ ಆಕ್ಷೇಪ ಅನ್ವಯಿಸದು.

ಎರಡನೆಯದಾಗಿ, ಹೊರಗಿನಿಂದ ಕಾಣದ ಕಾರಣಗಳಿರುತ್ತವೆ. ಉಬ್ಬಸ, ಹೃದಯದ ತೊಂದರೆ, ಕೀಲುನೋವು, ಆಟಿಸಂ ಮೊದಲಾದವು ಮುಖದ ಮೇಲೆ ಬರೆದಿರುವುದಿಲ್ಲ. ಗದ್ದಲ ಸಹಿಸಲಾಗದ ಮಗುವಿಗೆ ಗಾಡಿಯ ಮೇಲ್ಛಾವಣಿಯೇ ಒಂದು ಪುಟ್ಟ ಕೋಣೆ. ಆದ್ದರಿಂದ ಬೇರೆಯವರ ಮಗುವನ್ನು ನೋಡಿ ತೀರ್ಪು ನೀಡುವ ಮುನ್ನ ತಡೆಯುವುದು ಸೌಜನ್ಯ.

ಮೂರನೆಯದಾಗಿ, ಮಗುವಿನ ಮರ್ಯಾದೆಯೂ ಮುಖ್ಯ. ಆರೇಳು ವರ್ಷದ ಮಗು ತಾನು ಕೂಸಲ್ಲವೆಂದು ಸಾರುವ ವಯಸ್ಸಿನದು. ಅದನ್ನು ಬೆಳಿಗ್ಗೆಯೇ ಕೂರಿಸದೆ, ಗಾಡಿಯಲ್ಲಿ ನೀರಿನ ಬಾಟಲಿ, ಮಳೆಯಂಗಿಗಳನ್ನಿಟ್ಟು, "ಬೇಕೆನಿಸಿದಾಗ ಕೂರಬಹುದು" ಎಂದಷ್ಟೇ ತಿಳಿಸಿದರೆ, ಮಧ್ಯಾಹ್ನದ ವೇಳೆಗೆ ಮಗು ತಾನಾಗಿಯೇ ಕೂರುವ ಸಂಭವ ಹೆಚ್ಚು.

ಸುರಕ್ಷತೆ

ದೊಡ್ಡ ಮಗು ಗಾಡಿಯನ್ನು ಬಳಸುವ ರೀತಿಯೇ ಬೇರೆ. ಎಳೆಗೂಸನ್ನು ದೊಡ್ಡವರು ಎತ್ತಿ ಕೂರಿಸುತ್ತಾರೆ. ಆರು ವರ್ಷದ ಮಗು ಕಾಲೊರಗಿನ ಮೇಲೆ ನಿಂತು ತಾನೇ ಹತ್ತುತ್ತದೆ. ಆಗ 20 ಕಿಲೋ ಭಾರವು ಮುಂಗಾಲಿಗಳಿಗಿಂತ ಮುಂದಕ್ಕೆ ಬಿದ್ದು ಗಾಡಿ ಮುಗ್ಗರಿಸಬಹುದು. ಹಿಡಿಕೆಗೆ ಭಾರವಾದ ಚೀಲಗಳನ್ನು ತೂಗುಹಾಕಿದ್ದರೆ, ಮಗು ಇಳಿದ ಕ್ಷಣವೇ ಗಾಡಿ ಹಿಂದಕ್ಕೆ ಉರುಳುತ್ತದೆ. ಆದ್ದರಿಂದ ಹತ್ತಿಳಿಯುವಾಗ ಗಾಲಿಗಳ ತಡೆ ಹಾಕಿರಬೇಕು, ಚೀಲಗಳು ಆಸನದ ಕೆಳಗಿನ ಬುಟ್ಟಿಯಲ್ಲಿರಬೇಕು, ಸೊಂಟಪಟ್ಟಿ ಕಟ್ಟಿರಬೇಕು. ಜನಸಂದಣಿಯಲ್ಲಿ ಮುಂದಿನವರ ಹಿಮ್ಮಡಿಗೆ ತಾಗದಂತೆ ಅಂತರ ಕಾಯ್ದುಕೊಳ್ಳುವುದು ತಳ್ಳುವವರ ಹೊಣೆ.

ಉತ್ಪಾದಕರು ಗಮನಿಸಬೇಕಾದದ್ದು

ಇಂದಿನ ಹಗುರ ಗಾಡಿಯ ಮೂಲ ಬ್ರಿಟನ್ನಿನ ಓವೆನ್ ಮೆಕ್ಲಾರೆನ್ ಅವರ ವಿನ್ಯಾಸದಲ್ಲಿದೆ. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಭಾಗದ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಈ ಎಂಜಿನಿಯರ್, ಕೊಡೆಯಂತೆ ಮಡಿಚಬಹುದಾದ ಅಲ್ಯುಮಿನಿಯಂ ಗಾಡಿಗೆ 1965ರಲ್ಲಿ ಪೇಟೆಂಟ್ ಕೋರಿದರು. 1967ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದರ ತೂಕ ಸುಮಾರು ಮೂರು ಕಿಲೋ. ವಿಮಾನಕ್ಕೆಂದು ಕಲಿತ ವಿದ್ಯೆ ಮಗುವಿನ ಗಾಡಿಗೆ ಒದಗಿದ್ದು ಸಣ್ಣ ಉತ್ಪಾದಕರಿಗೆ ಉತ್ತೇಜನಕರ ಸಂಗತಿ.

ಅದೇ ಹೆಸರಿನ ಸಂಸ್ಥೆಯ ಇತಿಹಾಸದಲ್ಲಿ ಎಚ್ಚರಿಕೆಯ ಪಾಠವೂ ಇದೆ. ಮಡಿಚುವ ಕೀಲಿಗೆ ಸಿಲುಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣಗಳು ಅಮೆರಿಕದಲ್ಲಿ ವರದಿಯಾದ ಕಾರಣ, 2009ರ ನವೆಂಬರ್‌ನಲ್ಲಿ ಅಲ್ಲಿ ಮಾರಾಟವಾಗಿದ್ದ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಮರುಕರೆ ಹೊರಡಿಸಿ, ಕೀಲಿಗೆ ಹೊದಿಕೆಗಳನ್ನು ಉಚಿತವಾಗಿ ಪೂರೈಸಬೇಕಾಯಿತು. ಮುಂದೆ ಅಮೆರಿಕದಲ್ಲಿ ಸ್ಟ್ರೋಲರ್‌ಗಳಿಗೆ ಕಡ್ಡಾಯ ಸುರಕ್ಷತಾ ಮಾನಕವನ್ನು 2014ರಲ್ಲಿ ಪ್ರಕಟಿಸಿ 2015ರ ಸೆಪ್ಟೆಂಬರ್‌ನಿಂದ ಜಾರಿಗೆ ತರಲಾಯಿತು.

ಯುರೋಪಿನ ಮಾನಕ ಇನ್ನೂ ಸ್ವಾರಸ್ಯಕರ. ಇಎನ್ 1888 ಎಂಬ ಮಾನಕವನ್ನು 2018ರಲ್ಲಿ ಎರಡು ಭಾಗಗಳಾಗಿ ಹೊರತರಲಾಯಿತು. ಮೊದಲ ಭಾಗ 15 ಕಿಲೋವರೆಗಿನ ಮಕ್ಕಳ ಗಾಡಿಗಳಿಗೆ. ಎರಡನೆಯ ಭಾಗ 15 ಕಿಲೋ ಮೀರಿದ, 22 ಕಿಲೋವರೆಗಿನ ಮಕ್ಕಳ ಗಾಡಿಗಳಿಗೆ. ದೊಡ್ಡ ಮಗುವಿನ ಗಾಡಿ ಒಂದು ಪ್ರತ್ಯೇಕ ಉತ್ಪನ್ನವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮನ್ನಣೆ ಬೇಕಿಲ್ಲ. ರಫ್ತಿನ ಆಲೋಚನೆಯುಳ್ಳವರು ಯಾವ ಭಾಗಕ್ಕೆ ಅನುಗುಣವಾಗಿ ಪರೀಕ್ಷೆ ಮಾಡಿಸಬೇಕೆಂಬುದನ್ನು ವಿನ್ಯಾಸದ ಹಂತದಲ್ಲೇ ತೀರ್ಮಾನಿಸಬೇಕು.

ವರ್ಗೀಕರಣದಲ್ಲೂ ಎಚ್ಚರ ಅಗತ್ಯ. ಮಗುವಿನ ಗಾಡಿ ಮತ್ತು ಅದರ ಬಿಡಿಭಾಗಗಳು 8715ನೇ ಶೀರ್ಷಿಕೆಯಡಿ ಬರುತ್ತವೆ. ಅಂಗವಿಕಲರ ಗಾಲಿಕುರ್ಚಿ 8713ರಡಿ. ಗೊಂಬೆಯ ಗಾಡಿ ಆಟಿಕೆಯೆನಿಸಿ 9503ರಡಿ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಡಲು ಒಂದೇ ಬಗೆಯಾದ ಮೂರು ಗಾಡಿಗಳಿಗೆ ಮೂರು ಬಗೆಯ ನಿಯಮಗಳು ಅನ್ವಯಿಸಬಹುದೆಂಬುದನ್ನು ಬಿಲ್ ಬರೆಯುವ ಮುನ್ನವೇ ತಿಳಿದಿರಬೇಕು. 2020ರ ಜುಲೈನಿಂದ ಜಾರಿಗೊಂಡ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದ್ದು, ಅದು ತಯಾರಕರ ಜೊತೆಗೆ ಮಾರಾಟಗಾರರನ್ನೂ ಸೇವೆ ಒದಗಿಸುವವರನ್ನೂ ಒಳಗೊಂಡಿದೆ. ತೂಕದ ಮಿತಿಯನ್ನು ಕನ್ನಡದಲ್ಲೂ ದಪ್ಪ ಅಕ್ಷರದಲ್ಲಿ ಗಾಡಿಯ ಮೇಲೆಯೇ ನಮೂದಿಸುವುದು ಅತ್ಯಂತ ಅಗ್ಗದ ಮುನ್ನೆಚ್ಚರಿಕೆ.

ಬಾಡಿಗೆ ವ್ಯವಹಾರದ ಒಂದು ಮಾದರಿ

ಒರ್ಲ್ಯಾಂಡೊದ ಖಾಸಗಿ ಬಾಡಿಗೆದಾರರಂತೆ ನಮ್ಮಲ್ಲೂ ಮೃಗಾಲಯ, ವಸ್ತುಪ್ರದರ್ಶನ, ದೊಡ್ಡ ಉದ್ಯಾನಗಳ ಬಳಿ, ಸಂಬಂಧಿಸಿದ ಆಡಳಿತದ ಅನುಮತಿ ಪಡೆದು, ಇಂತಹ ವ್ಯವಹಾರ ನಡೆಸುವ ಆಲೋಚನೆ ಯಾರಿಗಾದರೂ ಬರಬಹುದು. ಅಂತಹವರಿಗಾಗಿ ಕೆಳಗಿನ ಲೆಕ್ಕ, ಅಂಕಿಗಳು ಉದಾಹರಣೆಗಷ್ಟೇ.

ತಲಾ 6,000 ರೂ. ಬೆಲೆಯ 20 ಗಾಡಿಗಳು. ಬಾಳಿಕೆ ಎರಡು ವರ್ಷ. ದಿನಬಾಡಿಗೆ 150 ರೂ.; ಪ್ರತಿ ಬಾಡಿಗೆಯ ನಂತರ ಶುಚಿಗೊಳಿಸಲು 20 ರೂ. ಹೀಗೆ ಒಂದು ಬಾಡಿಗೆಯಿಂದ ಉಳಿಯುವುದು 130 ರೂ. ವರ್ಷಕ್ಕೆ ಪ್ರತಿ ಗಾಡಿಯ ಸವಕಳಿ 3,000 ರೂ., ದುರಸ್ತಿ 1,500 ರೂ., ಮತ್ತು 1,80,000 ರೂ. ವಾರ್ಷಿಕ ಸಂಬಳದ ಒಬ್ಬ ಸಹಾಯಕನ ಪಾಲು 9,000 ರೂ.; ಒಟ್ಟು ಸ್ಥಿರ ವೆಚ್ಚ 13,500 ರೂ. ಇದನ್ನು 130ರಿಂದ ಭಾಗಿಸಿದರೆ 104 ದಿನ. ಅಂದರೆ ಪ್ರತಿ ಗಾಡಿಯೂ ವರ್ಷಕ್ಕೆ 104 ದಿನ ಬಾಡಿಗೆಗೆ ಹೋದರಷ್ಟೇ ಲಾಭನಷ್ಟ ಸರಿಸಮ. 120 ದಿನ ಹೋದರೆ 20 ಗಾಡಿಗಳಿಂದ 42,000 ರೂ. ಉಳಿತಾಯ; 90 ದಿನಕ್ಕೆ ಇಳಿದರೆ 36,000 ರೂ. ನಷ್ಟ. ಸ್ಥಳದ ಬಾಡಿಗೆ ಮತ್ತು ತೆರಿಗೆ ಇದರಲ್ಲಿ ಸೇರಿಲ್ಲ. ಭಾನುವಾರ ಮತ್ತು ಹಬ್ಬದ ರಜೆಗಳನ್ನಷ್ಟೇ ನಂಬಿ ಈ ವ್ಯವಹಾರಕ್ಕೆ ಇಳಿಯುವಂತಿಲ್ಲ ಎಂಬುದು ಸ್ಪಷ್ಟ. ಐದಾರು ವರ್ಷದ ಮಕ್ಕಳೂ ಗಿರಾಕಿಗಳಾದರೆ ಮಾತ್ರ ದಿನಗಳ ಸಂಖ್ಯೆ ಏರೀತು. ಆದ್ದರಿಂದ 22 ಕಿಲೋ ತಾಳುವ ಗಾಡಿಯನ್ನೇ ಕೊಳ್ಳುವುದು ಲೆಕ್ಕಕ್ಕೆ ಒಪ್ಪುವ ಮಾತು.

ಜಿಎಸ್‌ಟಿಯ ದೃಷ್ಟಿಯಿಂದ ಎರಡು ಅಂಶಗಳನ್ನು ಮರೆಯಲಾಗದು. ಬಾಡಿಗೆಗೆ ಕೊಡುವುದು ಸೇವೆಯೆನಿಸುತ್ತದೆ. ಕರ್ನಾಟಕದಲ್ಲಿ ಸರಕುಗಳನ್ನು ಮಾತ್ರ ಮಾರುವವರಿಗೆ ಇರುವ 40 ಲಕ್ಷ ರೂ. ನೋಂದಣಿ ಮಿತಿ, ಬಾಡಿಗೆ ಸೇವೆಯನ್ನೂ ಸೇರಿಸಿಕೊಂಡವರಿಗೆ ಅನ್ವಯಿಸದು. ಅವರ ಒಟ್ಟು ವಹಿವಾಟಿಗೆ 20 ಲಕ್ಷ ರೂ. ಮಿತಿ. 30 ಲಕ್ಷ ರೂ. ವಹಿವಾಟಿನ ಆಟಿಕೆ ಅಂಗಡಿಯವರು ನಾಲ್ಕು ಗಾಡಿಗಳನ್ನು ಬಾಡಿಗೆಗೆ ಬಿಡುವ ಮುನ್ನ ಇದನ್ನು ಯೋಚಿಸಬೇಕು. ಗಿರಾಕಿಯಿಂದ ಪಡೆದ, ಮರಳಿಸಬೇಕಾದ ಠೇವಣಿಯು ಬಾಡಿಗೆಯ ಬಾಬ್ತಿಗೆ ಹೊಂದಿಸಿಕೊಳ್ಳುವವರೆಗೆ ಪ್ರತಿಫಲವೆನಿಸದು; ಅದಕ್ಕೆ ಪ್ರತ್ಯೇಕ ಲೆಕ್ಕ ಇಡುವುದು ಒಳಿತು.

ಉಪಸಂಹಾರ

ಒಟ್ಟಿನಲ್ಲಿ, ಸ್ಟ್ರೋಲರ್ ಎಂಬುದು ಕೂಸಿನ ವಸ್ತು ಎಂಬ ಹಣೆಪಟ್ಟಿಯನ್ನು ಬದಿಗಿಟ್ಟು ನೋಡಿದಾಗ, ಅದರ ಅಗತ್ಯವನ್ನು ನಿರ್ಧರಿಸುವುದು ಮಗುವಿನ ತೂಕ, ನಡೆಯಬೇಕಾದ ದೂರ ಮತ್ತು ಕಳೆಯಬೇಕಾದ ವೇಳೆ ಎಂಬುದು ತಿಳಿಯುತ್ತದೆ. ನೋಡುವವರ ಮಾತಿಗೆ ಅಂಜಿ 15 ಡಾಲರ್ ಉಳಿಸಿದವರು ದಿನದ ಅರ್ಧವನ್ನು ಕಳೆದುಕೊಳ್ಳಬಹುದು. ವಯಸ್ಸಿನ ಹಣೆಪಟ್ಟಿಯನ್ನಷ್ಟೇ ನೋಡಿ ಸರಕು ತರಿಸುವ ವರ್ತಕರೂ ಎದುರಿಗೇ ನಿಂತಿರುವ ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ. ಮಗುವಿನ ಕಾಲು ಸೋತಾಗ ಒಂದು ಆಸನ ಸಿದ್ಧವಿರಬೇಕು. ಅದು ಆ ಮಗುವಿನ ಭಾರವನ್ನು ತಾಳುವಂತಿರಬೇಕು. ಕೊಳ್ಳುವವರಿಗೂ ಮಾರುವವರಿಗೂ ತಯಾರಿಸುವವರಿಗೂ ಈ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟೇ.